ಎದುರಾಳಿಯ ಕೈಯಲ್ಲಿ ನಮ್ಮ ಲೆಕ್ಕ

ಶ್ರವಣಬೆಳಗೊಳಕ್ಕೆ ಬರುವ ಶಾಲಾ ಪ್ರವಾಸದ ಬಸ್ಸುಗಳು ಸಾಮಾನ್ಯವಾಗಿ ದೊಡ್ಡಬೆಟ್ಟದ ಬುಡದಲ್ಲಿ ನಿಲ್ಲುತ್ತವೆ. ಮಕ್ಕಳು ಮೆಟ್ಟಿಲು ಹತ್ತಿ ಗೊಮ್ಮಟನನ್ನು ನೋಡುತ್ತಾರೆ, ಹೊತ್ತಿದ್ದರೆ ಚಿಕ್ಕಬೆಟ್ಟಕ್ಕೂ ಹೋಗಿಬರುತ್ತಾರೆ, ಎಳನೀರು ಕುಡಿದು ಮುಂದಿನ ಊರಿಗೆ ಹೊರಡುತ್ತಾರೆ. ಚಿಕ್ಕಬೆಟ್ಟದ ಉತ್ತರಕ್ಕೆ, ಕೂಗಳತೆಗಿಂತ ತುಸು ಆಚೆ ಇರುವ ಜಿನನಾಥಪುರಕ್ಕೆ ಕಾಲಿಡುವವರು ಕಡಿಮೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಕಟ್ಟಿಸಿದ ಊರು ಅದು. ಅಲ್ಲಿ ಸುಮಾರು 1200ರ ಹೊತ್ತಿಗೆ ರೇಚಿಮಯ್ಯ ಕಟ್ಟಿಸಿದ ಶಾಂತಿನಾಥ ಬಸದಿಯಿದೆ. ಬಸದಿಗಳ ಹೊರಗೋಡೆ ಸಾಮಾನ್ಯವಾಗಿ ಸಾದಾ ಆಗಿರುತ್ತದೆ. ಇದರ ಗೋಡೆಯ ಮೇಲಾದರೋ ಜಿನರು, ಯಕ್ಷಿಯರು, ವಾದ್ಯಗಾರರು, ನರ್ತಕಿಯರು ಸಾಲುಗಟ್ಟಿ ನಿಂತಿದ್ದಾರೆ.

ಈ ಊರಿನ ಬಯಲಿನಲ್ಲಿ ಸಂಜೆಯ ಹೊತ್ತು ಹುಡುಗರು ಕ್ರಿಕೆಟ್ ಆಡುತ್ತಾರೆ. ಚೆಂಡು ಕಳೆದುಹೋದ ದಿನ ಚಿಣ್ಣಿದಾಂಡು. ಚಿಣ್ಣಿದಾಂಡಿನ ಲೆಕ್ಕ ಇಡುವ ಕ್ರಮ ಸ್ವಾರಸ್ಯವಾದದ್ದು. ಚಿಣ್ಣಿ ಹಾರಿ ಬಿದ್ದಲ್ಲಿಂದ ಕುಳಿಯವರೆಗೆ ಎಷ್ಟು ದಾಂಡಿನ ದೂರವಿದೆಯೆಂದು ಹೊಡೆದವನೇ ಅಂದಾಜು ಮಾಡಿ ಕೇಳಬೇಕು. "ಇಪ್ಪತ್ತು" ಎಂದರೆ ಎದುರು ಪಕ್ಷದವರು ಒಪ್ಪಬಹುದು, ಇಲ್ಲವೇ "ಅಳೆಯೋಣ" ಎನ್ನಬಹುದು. ಅಳೆದಾಗ ಇಪ್ಪತ್ತಕ್ಕೆ ಒಂದು ಕಡಿಮೆಯಾದರೂ ಹೊಡೆದವನು ಔಟು. ಇಪ್ಪತ್ತೆರಡು ಬಂದರೂ ಸಿಗುವುದು ಕೇಳಿದ ಇಪ್ಪತ್ತೇ. ಹೆಚ್ಚು ಕೇಳಿದವನಿಗೆ ಶಿಕ್ಷೆ, ಕಡಿಮೆ ಕೇಳಿದವನಿಗೆ ಬರೀ ನಷ್ಟ. ಈ ಕಾನೂನನ್ನು ಯಾರು ಯಾವಾಗ ಬರೆದರೋ ಕಾಣೆ, ಮಕ್ಕಳಿಗೆಲ್ಲ ಬಾಯಿಪಾಠ.

ಆ ಊರಿನ ಒಂಬತ್ತನೇ ತರಗತಿಯ ಹುಡುಗನೊಬ್ಬನಿಗೆ ಅರ್ಧವಾರ್ಷಿಕ ಪರೀಕ್ಷೆಯ ಗಣಿತದ ಉತ್ತರಪತ್ರಿಕೆ ಕೈಗೆ ಬಂದಿತ್ತು. ಮೇಲೆ ಕೆಂಪು ಶಾಯಿಯಲ್ಲಿ 91 ಎಂದು ಬರೆದಿತ್ತು. ತರಗತಿಗೆ ಅವನೇ ಮೊದಲಿಗ, ಎರಡನೆಯವಳಿಗೆ 89. ಮೊದಲು ಬಂದವರನ್ನು ತಾಲ್ಲೂಕು ಮಟ್ಟದ ರಸಪ್ರಶ್ನೆಗೆ ಕಳಿಸುವುದೆಂದು ಶಾಲೆಯಲ್ಲಿ ಮೊದಲೇ ಹೇಳಿದ್ದರು. ಮನೆಗೆ ಬಂದು ಹುಡುಗ ಭಾಗವಾರು ಅಂಕಗಳನ್ನು ಕೂಡಿ ನೋಡಿದ: 10, 16, 12, 21, 18, 10. ಮೇಲಿನಿಂದ ಕೂಡಿದರೂ 87, ಕೆಳಗಿನಿಂದ ಕೂಡಿದರೂ 87. ನಾಲ್ಕು ಅಂಕ ಹೆಚ್ಚಾಗಿ ಬಂದಿತ್ತು.

ಅಪ್ಪನಿಗೆ ಹೇಳಿದ. ಅಪ್ಪ ಪತ್ರಿಕೆಯನ್ನು ತಿರುಗಿಸಿ ನೋಡಿ, "ನೀನೇನು ಕದ್ದಿಲ್ಲವಲ್ಲ. ಕೂಡಿದವರು ಅವರು, ರುಜು ಹಾಕಿದವರೂ ಅವರು. ಸುಮ್ಮನಿರು" ಎಂದರು. ಅಮ್ಮ ಮಾತಾಡಲಿಲ್ಲ. ಹಿಂದಿನ ಕಿರುಪರೀಕ್ಷೆಯಲ್ಲಿ ಎರಡು ಅಂಕ ಕಡಿಮೆ ಕೂಡಿದ್ದಾಗ ಇದೇ ಅಪ್ಪ ಮರುದಿನವೇ ಸೈಕಲ್ ಹತ್ತಿ ಶಾಲೆಗೆ ಹೋಗಿದ್ದು ಹುಡುಗನಿಗೆ ನೆನಪಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಬರಲಿಲ್ಲ.

ಆ ವಾರ ಹುಡುಗನ ಸೋದರಮಾವ ಊರಿಗೆ ಬಂದಿದ್ದರು. ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ಇಪ್ಪತ್ತು ವರ್ಷ ಕ್ಯಾಡಿಯಾಗಿ ದುಡಿದವರು, ಅಂದರೆ ಆಟಗಾರರ ಕೋಲುಗಳ ಚೀಲ ಹೊತ್ತು ಅವರ ಜೊತೆ ನಡೆದವರು. ಓದಿದ್ದು ಏಳನೇ ತರಗತಿ. ಜಗಲಿಯ ಮೇಲೆ ಎಲೆಅಡಿಕೆ ಹಾಕುತ್ತ ವಿಷಯ ಕೇಳಿಸಿಕೊಂಡ ಮಾವ ಹುಡುಗನಿಗೂ ಹೇಳಲಿಲ್ಲ, ಭಾವನಿಗೂ ಹೇಳಲಿಲ್ಲ. "ನಮ್ಮ ಕಡೆ ಲೆಕ್ಕ ಹೇಗೆ ಇಡ್ತಾರೆ ಗೊತ್ತೇನೋ?" ಎಂದು ಗಾಲ್ಫಿನ ಮಾತು ತೆಗೆದರು.

ಗಾಲ್ಫ್ ಎಂದರೆ ಹಣವಂತರ ಆಟ ಎಂಬ ಮಾತಿದೆ. ಅದು ಪೂರ್ತಿ ಸುಳ್ಳೂ ಅಲ್ಲ. ನಮ್ಮ ರಾಜ್ಯಕ್ಕೆ ಅದು ಹೊಸದಂತೂ ಅಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಮೈಸೂರಿನಲ್ಲಿ, ಮಡಿಕೇರಿಯಲ್ಲಿ, ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಕೂಡ ಗಾಲ್ಫ್ ಮೈದಾನಗಳು ಆದವು. ಆಟದ ಸಾರಾಂಶ ಸರಳ. ಹದಿನೆಂಟು ಕುಳಿಗಳು. ಒಂದೊಂದು ಕುಳಿಗೂ ದೂರದಿಂದ ಚೆಂಡನ್ನು ಹೊಡೆಯುತ್ತ ಹೋಗಿ ಒಳಗೆ ಬೀಳಿಸಬೇಕು. ಎಷ್ಟು ಹೊಡೆತ ಬೇಕಾಯಿತೋ ಅಷ್ಟು ಅಂಕ. ಕೊನೆಗೆ ಯಾರ ಮೊತ್ತ ಕಡಿಮೆಯೋ ಅವರು ಗೆದ್ದಂತೆ. ಹೊಡೆಯಬೇಕೆಂದು ಬೀಸಿದ ಕೋಲು ಚೆಂಡಿಗೆ ತಗಲದೆ ಹೋದರೂ ಅದು ಒಂದು ಹೊಡೆತವೇ.

ಮೈದಾನವೋ ನೂರಾರು ಎಕರೆಯದು, ನಡುವೆ ಮರಗಳು, ಪೊದೆಗಳು, ಹಳ್ಳಗಳು. ಕ್ರಿಕೆಟ್ಟಿನ ಹಾಗೆ ಪ್ರತಿ ಎಸೆತಕ್ಕೂ ಪಕ್ಕದಲ್ಲಿ ಅಂಪೈರ್ ನಿಂತಿರುವುದಿಲ್ಲ. ಪೊದೆಯ ಹಿಂದೆ ಒಬ್ಬನೇ ನಿಂತು ಎಷ್ಟು ಹೊಡೆತ ಹೊಡೆದೆನೆಂಬುದು ಅವನಿಗೂ ದೇವರಿಗೂ ಮಾತ್ರ ಗೊತ್ತು. ಇಂಥ ಆಟಕ್ಕೆ ಲೆಕ್ಕ ಇಡುವುದು ಹೇಗೆ?

ಅವರು ಕಂಡುಕೊಂಡ ದಾರಿ ಇದು. ಸ್ಪರ್ಧೆ ಆರಂಭವಾಗುವ ಮುಂಚೆ ಸಮಿತಿಯವರು ಪ್ರತಿಯೊಬ್ಬ ಆಟಗಾರನ ಹೆಸರಿನ ಕಾರ್ಡು ಕೊಡುತ್ತಾರೆ. ಜೊತೆಗೆ ಆಡುವವರು ಆ ಕಾರ್ಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ನನ್ನ ಲೆಕ್ಕ ನಿನ್ನ ಕೈಯಲ್ಲಿ, ನಿನ್ನ ಲೆಕ್ಕ ಇನ್ನೊಬ್ಬರ ಕೈಯಲ್ಲಿ. ಹೀಗೆ ಮತ್ತೊಬ್ಬರ ಲೆಕ್ಕ ಬರೆಯುವವರಿಗೆ ಮಾರ್ಕರ್ ಎಂದು ಹೆಸರು. ಹಾಗೆಂದು ಆಟಗಾರ ತನ್ನ ಲೆಕ್ಕವನ್ನು ಮರೆತು ಕೂರುವಂತಿಲ್ಲ; ಅದೇ ಕಾರ್ಡಿನ ಅಂಚಿನಲ್ಲಿ ತನ್ನದನ್ನೂ ಗುರುತು ಹಾಕಿಕೊಳ್ಳುತ್ತಾನೆ.

ಇದರಲ್ಲಿ ಕಾಯಿದೆಯಷ್ಟೇ ಮರ್ಯಾದೆಯೂ ಉಂಟು. ಕುಳಿ ಮುಗಿದ ಕೂಡಲೆ ಅಲ್ಲೇ ನಿಂತು ಬರೆಯುತ್ತ ಹಿಂದೆ ಬರುವವರನ್ನು ಕಾಯಿಸಬಾರದು. ಮುಂದಿನ ಕುಳಿಯ ಆರಂಭದ ಜಾಗಕ್ಕೆ ನಡೆದುಹೋಗಿ ಬರೆಯಬೇಕು. ಆದರೆ ಎರಡು ಮೂರು ಕುಳಿ ಸೇರಿಸಿ ಬರೆದರಾಯಿತೆಂದು ಬಿಡಲೂಬಾರದು, ನೆನಪು ಮೋಸ ಮಾಡುತ್ತದೆ. ಬರೆಯುವಾಗ "ಐದು ತಾನೆ?" ಎಂದು ಕೇಳಬೇಕು, ಕೇಳಿದವನ ಮೇಲೆ ಆಟಗಾರ ಮುನಿಯಬಾರದು. ತನಗೆ ಆರು ಎಂದು ತೋರಿದ್ದರೆ ಮಾರ್ಕರ್ ಅಲ್ಲೇ, ಆಗಲೇ, ಮೆಲ್ಲಗೆ ಹೇಳಬೇಕು. ಆಮೇಲೆ ಕ್ಲಬ್ಬಿನ ಕಟ್ಟೆಯ ಮೇಲೆ ಕೂತು ನಾಲ್ಕು ಜನರ ಮುಂದೆ ಆಡಿಕೊಳ್ಳುವುದು ತಪ್ಪು. ಇಬ್ಬರ ನೆನಪೂ ಹೊಂದದಿದ್ದರೆ ಸಮಿತಿಯ ಮುಂದಿಟ್ಟು ಅವರ ತೀರ್ಮಾನ ಒಪ್ಪಬೇಕು.

ಆಟ ಮುಗಿದ ಮೇಲೆ ಇಬ್ಬರೂ ಕೂತು ಒಂದೊಂದು ಕುಳಿಯ ಅಂಕವನ್ನೂ ಓದಿ ತಾಳೆ ನೋಡುತ್ತಾರೆ. ಮಾರ್ಕರ್ ರುಜು ಹಾಕುತ್ತಾನೆ, ಆಟಗಾರ ರುಜು ಹಾಕುತ್ತಾನೆ, ಕಾರ್ಡು ಸಮಿತಿಗೆ ಹೋಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಕಾಗದದ ಬದಲು ಮೊಬೈಲಿನಲ್ಲೂ ಅಂಕ ದಾಖಲಿಸುವುದುಂಟು. ಸಾಧನ ಬದಲಾಗಿದೆ, ಕ್ರಮ ಬದಲಾಗಿಲ್ಲ. ಕಾರ್ಡು ಒಪ್ಪಿಸಿದ ಮೇಲೆ ಆಟಗಾರ ಒಂದು ಅಂಕಿಯನ್ನೂ ತಿದ್ದುವಂತಿಲ್ಲ. ಚಿಕ್ಕಬೆಟ್ಟದ ಬಂಡೆಯ ಮೇಲಿನ ಶಾಸನದಂತೆ, ಕೆತ್ತಿದ್ದು ಕೆತ್ತಿದ್ದೇ.

ಮಾವ ಇಲ್ಲಿಗೆ ನಿಲ್ಲಿಸಿ ಹುಡುಗನ ಮುಖ ನೋಡಿದರು. "ಒಂದು ಕುಳಿಯಲ್ಲಿ ಆರು ಹೊಡೆದು ಐದು ಅಂತ ರುಜು ಹಾಕಿದರೆ ಅವನು ಪಂದ್ಯದಿಂದಲೇ ಹೊರಗೆ. ಐದು ಹೊಡೆದು ಆರು ಅಂತ ರುಜು ಹಾಕಿದರೆ ಆರೇ ಖಾಯಂ." ಹುಡುಗ ತಟ್ಟನೆ, "ನಮ್ಮ ಚಿಣ್ಣಿದಾಂಡಿನ ಹಾಗೇ!" ಎಂದ.

ಹೌದು, ಹಾಗೆಯೇ. ಲೋಕದ ದೊಡ್ಡ ದೊಡ್ಡ ಪಂದ್ಯಗಳಲ್ಲಿ ಈ ಕಾನೂನು ಯಾರ ಮುಖವನ್ನೂ ನೋಡಿಲ್ಲ.

1968ರ ಏಪ್ರಿಲ್ 14. ಅಮೆರಿಕದ ಅಗಸ್ಟಾದಲ್ಲಿ ಮಾಸ್ಟರ್ಸ್ ಪಂದ್ಯದ ಕೊನೆಯ ದಿನ. ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊಗೆ ಅಂದೇ 45ನೇ ಹುಟ್ಟುಹಬ್ಬ. ಅದ್ಭುತವಾಗಿ ಆಡಿ 65 ಹೊಡೆತಗಳಲ್ಲಿ ಆ ದಿನದ ಆಟ ಮುಗಿಸಿದರು. ಹದಿನೇಳನೆಯ ಕುಳಿಯಲ್ಲಿ ಅವರು ಹೊಡೆದದ್ದು ಮೂರು. ಅಲ್ಲಿ ನೆರೆದಿದ್ದವರು ನೋಡಿದ್ದರು, ಟೆಲಿವಿಷನ್‌ನಲ್ಲಿ ಲಕ್ಷಾಂತರ ಜನ ನೋಡಿದ್ದರು. ಆದರೆ ಅವರ ಲೆಕ್ಕ ಬರೆಯುತ್ತಿದ್ದ ಟಾಮಿ ಆರನ್ ಕೈತಪ್ಪಿ ನಾಲ್ಕು ಎಂದು ಬರೆದಿದ್ದರು. ಡಿ ವಿಸೆಂಜೊ ಸರಿಯಾಗಿ ನೋಡದೆ ರುಜು ಹಾಕಿಬಿಟ್ಟರು. ದಿನದ ಮೊತ್ತ 66 ಆಯಿತು. ನಾಲ್ಕು ದಿನದ ಒಟ್ಟು 278. ಬಾಬ್ ಗೋಲ್ಬಿಯವರದು 277. ಸರಿಸಮನಾಗಿ ಮರುಪಂದ್ಯ ಆಡಬೇಕಾಗಿದ್ದವರು ಒಂದು ಹೊಡೆತದಿಂದ, ಹೊಡೆಯದೇ ಇದ್ದ ಒಂದು ಹೊಡೆತದಿಂದ, ಸೋತರು. ಡಿ ವಿಸೆಂಜೊ ಆರನ್ ಅವರನ್ನು ದೂರಲಿಲ್ಲ. ನೋಡದೆ ರುಜು ಹಾಕಿದ ದಡ್ಡತನ ತನ್ನದು ಎಂದರು. ಅದೇ ಆರನ್ 1973ರಲ್ಲಿ ಅದೇ ಮಾಸ್ಟರ್ಸ್ ಪಂದ್ಯ ಗೆದ್ದಾಗ, ಅವರ ಕಾರ್ಡಿನಲ್ಲಿ ಮಾರ್ಕರ್ ಒಂದು ಕುಳಿಗೆ ನಾಲ್ಕರ ಬದಲು ಐದು ಎಂದು ಬರೆದಿದ್ದರು. ಆರನ್ ರುಜು ಹಾಕುವ ಮುನ್ನ ಒಂದೊಂದನ್ನೂ ನೋಡಿದರು, ತಪ್ಪು ಹಿಡಿದರು, ತಿದ್ದಿಸಿದರು.

ಇನ್ನೊಂದು ಪ್ರಕರಣ ಇದಕ್ಕಿಂತ ಕಠಿಣ. 1957ರ ಅಮೆರಿಕದ ಮಹಿಳಾ ಓಪನ್. ಹವಾಯಿಯ ಜಾಕಿ ಪಂಗ್ ಎಲ್ಲರಿಗಿಂತ ಕಡಿಮೆ ಹೊಡೆತಗಳಲ್ಲಿ ಮುಗಿಸಿ ಗೆದ್ದೆನೆಂದುಕೊಂಡಿದ್ದರು. ಅವರ ಕಾರ್ಡಿನಲ್ಲಿ ಕೊನೆಯ ಸುತ್ತಿನ ಮೊತ್ತ 72 ಎಂದಿತ್ತು. ಅದು ಸರಿಯಾಗಿಯೇ ಇತ್ತು. ಆದರೆ ನಾಲ್ಕನೆಯ ಕುಳಿಯಲ್ಲಿ ಆರು ಇರಬೇಕಾದ ಜಾಗದಲ್ಲಿ ಐದು ಎಂದಿತ್ತು. ಮೊತ್ತ ಸರಿ, ಬಿಡಿ ಅಂಕ ತಪ್ಪು. ಪಂಗ್ ಸ್ಪರ್ಧೆಯಿಂದ ಹೊರಬಿದ್ದರು, ಬೆಟ್ಸಿ ರಾಲ್ಸ್ ವಿಜೇತರಾದರು. ಪಂಗ್ ಅವರ ಲೆಕ್ಕ ಬರೆದಿದ್ದ ಬೆಟ್ಟಿ ಜೇಮ್ಸನ್ ಅವರ ಕಾರ್ಡಿನಲ್ಲೂ ಅದೇ ಕುಳಿಯಲ್ಲಿ ಅದೇ ತಪ್ಪಾಗಿತ್ತು, ಅವರೂ ಹೊರಬಿದ್ದರು. ನೋಡಿದವರ ಕರುಳು ಚುರ್ ಎಂದಿರಬೇಕು, ಆ ಕ್ಲಬ್ಬಿನ ಸದಸ್ಯರು ಚಂದಾ ಎತ್ತಿ ಪಂಗ್‌ಗೆ ಪ್ರಥಮ ಬಹುಮಾನಕ್ಕಿಂತ ಹೆಚ್ಚಿನ ಮೊತ್ತ ಕೊಟ್ಟರು. ಕನಿಕರ ತೋರಿದರು, ಕಾನೂನು ಮುರಿಯಲಿಲ್ಲ.

ಇದೇಕೆ ಹೀಗೆ ಎಂದು ಗಣಿತ ಬಲ್ಲ ವಿದ್ಯಾರ್ಥಿಗಳು ಕೇಳಬಹುದು. ಗಾಲ್ಫಿನಲ್ಲಿ ಮೊತ್ತ ಕೂಡುವುದು ಸಮಿತಿಯ ಕೆಲಸ; ಕೂಡುವಲ್ಲಿ ತಪ್ಪಾದರೆ ಸಮಿತಿ ತಿದ್ದುತ್ತದೆ, ಆಟಗಾರನಿಗೆ ಶಿಕ್ಷೆಯಿಲ್ಲ. ಕುಳಿಯ ಅಂಕವಾದರೋ ಆಟಗಾರ ಕಂಡದ್ದು, ಮಾಡಿದ್ದು. ಅದಕ್ಕೆ ಅವನೇ ಜವಾಬ್ದಾರ. ಕಾನೂನು ಬರೀ ಕಲ್ಲೂ ಅಲ್ಲ. ತನಗೆ ದಂಡ ಬಿದ್ದಿದೆಯೆಂದೇ ಗೊತ್ತಿಲ್ಲದೆ ಅದನ್ನು ಸೇರಿಸದೆ ರುಜು ಹಾಕಿದವನನ್ನು 2016ರಿಂದ ಈಚೆಗೆ ಹೊರಹಾಕುವುದಿಲ್ಲ. ದಂಡ ಸೇರಿಸಿ ಅಂಕ ತಿದ್ದುತ್ತಾರೆ. ಗೊತ್ತಿದ್ದೂ ಸುಳ್ಳು ಲೆಕ್ಕಕ್ಕೆ ರುಜು ಹಾಕಿದ ಮಾರ್ಕರ್ ತಾನೂ ಆಟಗಾರನಾಗಿದ್ದರೆ ಅವನೂ ಅನರ್ಹ. ಸ್ನೇಹಕ್ಕೆಂದು ಹಾಕಿದ ರುಜು ಇಬ್ಬರನ್ನೂ ಮುಳುಗಿಸುತ್ತದೆ.

ವಿಜ್ಞಾನದ ಪ್ರಯೋಗಾಲಯದಲ್ಲೂ ನಡೆಯಬೇಕಾದದ್ದು ಇದೇ. ಸರಳ ಲೋಲಕದ ಪ್ರಯೋಗವನ್ನೇ ನೋಡಿ. ಒಂದು ಮೀಟರು ಉದ್ದದ ದಾರಕ್ಕೆ ಗುಂಡು ಕಟ್ಟಿ ತೂಗಿದರೆ ಇಪ್ಪತ್ತು ಆಂದೋಲನಕ್ಕೆ ಸುಮಾರು 40 ಸೆಕೆಂಡು ಬೇಕು. ನಿಜವಾಗಿ ಗಡಿಯಾರ ಹಿಡಿದು ಅಳೆದವನಿಗೆ ಒಮ್ಮೆ 39.6, ಇನ್ನೊಮ್ಮೆ 40.4, ಮತ್ತೊಮ್ಮೆ 40.8 ಬಂದೀತು. ಗುರುತ್ವ ವೇಗೋತ್ಕರ್ಷ 9.8 ಎಂದು ಪುಸ್ತಕದಲ್ಲಿ ಓದಿಕೊಂಡ ಜಾಣ ವಿದ್ಯಾರ್ಥಿ ದಾರವನ್ನು ಮುಟ್ಟದೆಯೇ, ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಅಂಕಿ ತುಂಬುತ್ತಾನೆ. ಅವನ ಕೊನೆಯ ಉತ್ತರ ಸರಿ, ಒಳಗಿನ ಅಂಕಿಗಳು ಸುಳ್ಳು. ಅದಕ್ಕೇ ಒಳ್ಳೆಯ ಪ್ರಯೋಗಾಲಯದಲ್ಲಿ ಒಬ್ಬ ಅಳೆಯುತ್ತಾನೆ, ಇನ್ನೊಬ್ಬ ಬರೆಯುತ್ತಾನೆ. ಬರೆಯುವವನು ಕೇಳಿಸಿಕೊಂಡ ಅಂಕಿಯನ್ನು ಗಟ್ಟಿಯಾಗಿ ಮರುನುಡಿಯುತ್ತಾನೆ. ತಪ್ಪಾದರೆ ರಬ್ಬರಿನಿಂದ ಅಳಿಸುವಂತಿಲ್ಲ. ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ತಪ್ಪೂ ಕಾಣಬೇಕು, ತಿದ್ದಿದ್ದೂ ಕಾಣಬೇಕು.

ಹಾಗಾದರೆ ಯಾರೂ ನೋಡದ ತಪ್ಪು? ಅದಕ್ಕೂ ಗಾಲ್ಫಿನಲ್ಲೊಂದು ಕಥೆಯಿದೆ. 1925ರ ಅಮೆರಿಕದ ಓಪನ್ ಪಂದ್ಯದಲ್ಲಿ ಬಾಬಿ ಜೋನ್ಸ್ ಹೊಡೆಯಲು ಸಿದ್ಧರಾಗುತ್ತಿದ್ದಾಗ ಉದ್ದ ಹುಲ್ಲಿನಲ್ಲಿದ್ದ ಚೆಂಡು ಕೊಂಚ ಅಲುಗಿತು. ಕಂಡವರು ಅವರೊಬ್ಬರೇ. ತಾವಾಗಿ ಹೇಳಿ ಒಂದು ಹೊಡೆತದ ದಂಡ ಹಾಕಿಸಿಕೊಂಡರು. ಕೊನೆಗೆ ವಿಲ್ಲಿ ಮ್ಯಾಕ್‌ಫಾರ್ಲೇನ್ ಅವರೊಂದಿಗೆ ಸರಿಸಮವಾಗಿ, ಮರುಪಂದ್ಯದಲ್ಲಿ ಸೋತರು. ಆ ಒಂದು ಹೊಡೆತ ಇಲ್ಲದಿದ್ದರೆ ಮರುಪಂದ್ಯವೇ ಬೇಕಿರಲಿಲ್ಲ. ಜನ ಹೊಗಳಿದಾಗ ಜೋನ್ಸ್ ಅದನ್ನು ಒಪ್ಪಲಿಲ್ಲ. ಬ್ಯಾಂಕು ದೋಚದೆ ಇದ್ದುದಕ್ಕೆ ಯಾರನ್ನಾದರೂ ಹೊಗಳುತ್ತೀರಾ ಎಂಬ ಅರ್ಥದ ಮಾತನ್ನಾಡಿದರೆಂದು ಗಾಲ್ಫ್ ಬಲ್ಲವರು ಇಂದಿಗೂ ಹೇಳುತ್ತಾರೆ.

ಒಂದು ಹೊಡೆತದಲ್ಲಿ ಏನಿದೆ ಎನ್ನುವವರು ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನೆಯಬೇಕು. ಐದನೆಯ ವಯಸ್ಸಿಗೆ ಕೋಲು ಹಿಡಿದ ಈ ಹುಡುಗಿ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕು ಸುತ್ತು ಸೇರಿ 269 ಹೊಡೆತಗಳಲ್ಲಿ ಮುಗಿಸಿದರು. ಚೀಲ ಹೊತ್ತು ಜೊತೆಗೆ ನಡೆದವರು ಸ್ವಂತ ತಾಯಿ. ಬೆಳ್ಳಿ, ಕಂಚು ಪಡೆದ ಇಬ್ಬರದೂ 268. ಅದಿತಿ ನಾಲ್ಕನೆಯವರು. ಒಂದೇ ಒಂದು ಹೊಡೆತ ಕಡಿಮೆಯಾಗಿದ್ದರೆ ಪದಕದ ಮರುಪಂದ್ಯದಲ್ಲಿ ನಿಲ್ಲುತ್ತಿದ್ದರು. ಆ 269ಕ್ಕೆ ಇಷ್ಟು ಗೌರವ ಏಕೆಂದರೆ ಅದರಲ್ಲಿ ಒಂದೂ ಬಿಟ್ಟುಹೋಗಿಲ್ಲ, ಒಂದೂ ಹೆಚ್ಚಿಲ್ಲ.

ಜಗಲಿಯ ಮೇಲೆ ಮಾವನ ಮಾತು ಮುಗಿದಿತ್ತು. ಅಪ್ಪ, "ನೀನೇ ಹೇಳಿದೆಯಲ್ಲ, ಮೊತ್ತ ಕೂಡೋದು ಸಮಿತಿ ಕೆಲಸ ಅಂತ. ಇವನದೂ ಮೊತ್ತದ ತಪ್ಪೇ. ಇವನ ಹೊಣೆ ಅಲ್ಲ" ಎಂದರು. ವಾದ ಸರಿಯಾಗಿಯೇ ಇತ್ತು. ಮಾವ ನಕ್ಕು, "ಹೊಣೆ ಅಲ್ಲ ಭಾವ. ಶಿಕ್ಷೆನೂ ಇಲ್ಲ. ಆದರೆ ಸಮಿತಿ ತಿದ್ದಬೇಕಾದರೆ ಅದಕ್ಕೆ ಗೊತ್ತಾಗಬೇಕಲ್ಲ" ಎಂದವರೇ ಸ್ವಲ್ಪ ತಡೆದು, "ಕಾಯಿ ಎಣಿಸೋವಾಗ ನೀವು ಏನು ಮಾಡ್ತೀರಿ?" ಎಂದು ಕೇಳಿದರು.

ಆ ಕಡೆ ತೆಂಗು ಬೆಳೆಯುವವರಿಗೆ ಈ ಪ್ರಶ್ನೆಯ ತೂಕ ಗೊತ್ತು. ವ್ಯಾಪಾರಿ ಬಂದಾಗ ಕಾಯಿಯ ಎಣಿಕೆ "ಲಾಭ" ಎಂದು ಆರಂಭವಾಗುತ್ತದೆ. ಒಬ್ಬ ಎಸೆಯುತ್ತ ಗಟ್ಟಿಯಾಗಿ ಎಣಿಸುತ್ತಾನೆ, ಇನ್ನೊಬ್ಬ ಮನಸ್ಸಿನಲ್ಲೇ ಎಣಿಸುತ್ತಾನೆ. ನೂರು ತುಂಬಿದಾಗ ಗುರುತಿಗೆಂದು ಒಂದು ಕಾಯಿ ಪಕ್ಕಕ್ಕೆ. ಕೊನೆಗೆ ಗುರುತಿನ ಕಾಯಿ ಎಣಿಸಿದರೆ ಎಷ್ಟು ನೂರು ಎಂಬುದು ಇಬ್ಬರಿಗೂ ಸ್ಪಷ್ಟ. ಒಂದು ವರ್ಷ ಗುರುತಿನ ಕಾಯಿ ಒಂದು ಹೆಚ್ಚು ಬಿದ್ದುಹೋಗಿ, ವ್ಯಾಪಾರಿ ನೂರು ಕಾಯಿಯ ಹಣ ಹೆಚ್ಚಾಗಿ ಕೊಟ್ಟು ಹೊರಟಿದ್ದ. ಅವನ ಲಾರಿ ಚನ್ನರಾಯಪಟ್ಟಣದ ರಸ್ತೆ ಹಿಡಿಯುವ ಮುಂಚೆ ಬೆನ್ನಟ್ಟಿಹೋಗಿ ಹಣ ಹಿಂದಿರುಗಿಸಿದವರು ಇದೇ ಅಪ್ಪ. ಮನೆಯವರಿಗೆಲ್ಲ ಗೊತ್ತಿದ್ದ ಸಂಗತಿ. ಅಪ್ಪ ಮರುಮಾತಾಡಲಿಲ್ಲ. ಎದ್ದು ಕೊಟ್ಟಿಗೆಯ ಕಡೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ, "ನಾಳೆ ಪೇಪರು ಮರೀದೆ ತಗೊಂಡು ಹೋಗು" ಎಂಬ ಮಾತು ಕೇಳಿಸಿತು.

ಮರುದಿನ ಗಣಿತದ ಮೇಡಂ ಪತ್ರಿಕೆ ತೆಗೆದುಕೊಂಡು ಎರಡು ಸಲ ಕೂಡಿದರು. 91ರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ 87 ಎಂದು ಬರೆದು ರುಜು ಹಾಕಿದರು. "ನೋಡಿದ್ದು ಒಳ್ಳೆಯದಾಯ್ತು" ಎಂದಷ್ಟೇ ಹೇಳಿದರು. ರಸಪ್ರಶ್ನೆಗೆ 89 ಪಡೆದವಳು ಹೋದಳು. ಹುಡುಗನಿಗೆ ಬೇಸರವಾಗಲಿಲ್ಲವೆಂದರೆ ಸುಳ್ಳಾದೀತು. ಬಸ್ಸು ಹೊರಟ ದಿನ ಅವನು ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ಒಬ್ಬನೇ ಕೂತಿದ್ದ. ಅವನಿಗೆ ಯಾರೂ ಬಹುಮಾನ ಕೊಡಲಿಲ್ಲ, ಪ್ರಾರ್ಥನೆಯ ಹೊತ್ತಿನಲ್ಲಿ ಹೆಸರು ಕೂಗಿ ಚಪ್ಪಾಳೆ ತಟ್ಟಿಸಲಿಲ್ಲ. ಅದೇ ಸರಿಯೇನೋ. ತನ್ನದಲ್ಲದ್ದನ್ನು ಹಿಂದಿರುಗಿಸಿದ್ದಕ್ಕೆ ಬಹುಮಾನ ಕೊಡುತ್ತ ಹೋದರೆ, ಮುಂದೆ ಬಹುಮಾನವಿಲ್ಲದ ಕಡೆ ಮಕ್ಕಳು ಏನು ಮಾಡಿಯಾರು?

ತಂದೆತಾಯಿಗಳು ಇಲ್ಲಿ ಯೋಚಿಸಬೇಕಾದ ಮಾತೊಂದಿದೆ. ಮಕ್ಕಳ ಅಂಕ ಕಡಿಮೆ ಬಂದಾಗ ಮರುಎಣಿಕೆ ಕೇಳುವುದು ತಪ್ಪಲ್ಲ. ಅದು ಅವರ ಹಕ್ಕು. ಆದರೆ ಮರುಎಣಿಕೆ ಎರಡೂ ದಿಕ್ಕಿಗೆ ನಡೆಯುವಂಥದು. ಕಡಿಮೆಯಾದಾಗ ಮಾತ್ರ ಕೂಡಿ ನೋಡುವ ಮನೆಯಲ್ಲಿ ಬೆಳೆದ ಮಗುವಿಗೆ ಲೆಕ್ಕವೆಂದರೆ ತನಗೆ ಬರಬೇಕಾದದ್ದು ಎಂದಷ್ಟೇ ಅರ್ಥವಾಗುತ್ತದೆ. ಮಕ್ಕಳಿಗೂ ಒಂದು ಮಾತು. ನಿಮ್ಮ ಲೆಕ್ಕವನ್ನು ಇನ್ನೊಬ್ಬರು ನೋಡುವುದು ಅಪನಂಬಿಕೆಯಲ್ಲ. ಗಾಲ್ಫ್ ಆಡುವವರು ಕಾರ್ಡು ಬದಲಾಯಿಸಿಕೊಳ್ಳುವುದು ಎದುರಾಳಿ ಕಳ್ಳನೆಂದಲ್ಲ. ಎಷ್ಟು ಒಳ್ಳೆಯವನಿಗೂ ಮರೆವು ಇದೆ, ಆಸೆ ಇದೆ ಎಂದು. ಮನಸ್ಸು ತನಗೆ ಬೇಕಾದ ಅಂಕಿಯನ್ನೇ ನೆನಪಿಟ್ಟುಕೊಳ್ಳುತ್ತದೆ. ಇನ್ನೊಬ್ಬರ ಪೆನ್ಸಿಲು ಆ ಆಸೆಗೆ ಹಾಕಿದ ಸಣ್ಣ ಬೇಲಿ.

ಆ ಶನಿವಾರ ಕ್ರಿಕೆಟ್ ಚೆಂಡು ಮತ್ತೆ ಕಳೆದುಹೋಗಿ, ಹುಡುಗರು ಚಿಣ್ಣಿದಾಂಡು ಹಿಡಿದರು. ನಮ್ಮ ಹುಡುಗ ಬಲವಾಗಿ ಹೊಡೆದ. ಚಿಣ್ಣಿ ಹಾರಿಹೋಗಿ ಬೇಲಿಯ ಬುಡದಲ್ಲಿ ಬಿತ್ತು. ಕಣ್ಣಳತೆಯಲ್ಲಿ ನೋಡಿ "ಹದಿನೆಂಟು" ಎಂದು ಕೇಳಿದ. ಎದುರು ಪಕ್ಷದ ನಾಯಕ ಒಂದು ಕ್ಷಣ ಅವನ ಮುಖ ನೋಡಿದ. ಶಾಲೆಯ ಸಂಗತಿ ಅವನಿಗೂ ಗೊತ್ತಿತ್ತು. ಆದರೂ ದಾಂಡು ಎತ್ತಿಕೊಂಡು, "ಅಳೆಯೋಣ" ಎಂದ. ಹುಡುಗನಿಗೆ ಕೋಪ ಬರಲಿಲ್ಲ. ಇಬ್ಬರೂ ಬಗ್ಗಿ, ಗಟ್ಟಿಯಾಗಿ ಎಣಿಸುತ್ತ, ಬೇಲಿಯಿಂದ ಕುಳಿಯವರೆಗೆ ಅಳೆದರು. ಹದಿನೆಂಟರ ಮೇಲೆ ಒಂದು ಗೇಣು ಉಳಿಯಿತು. ಆ ಗೇಣನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.